ಆಣಿಕ್ ಡಿಪೋದ ಮ್ಯೂಸಿಯಂ: ಯಂತ್ರದ ಲೆಕ್ಕ, ಮನುಷ್ಯರ ಲೆಕ್ಕ

ನಮ್ಮ ದೇಶದಲ್ಲಿ ವಸ್ತುಸಂಗ್ರಹಾಲಯ ಎಂದರೆ ಸಾಮಾನ್ಯವಾಗಿ ಮೂರು ಬಗೆಯದು. ಒಂದು ದೇವರ ವಿಗ್ರಹಗಳದ್ದು, ಇನ್ನೊಂದು ರಾಜರ ಕತ್ತಿ-ಗುರಾಣಿ, ಪಲ್ಲಕ್ಕಿಗಳದ್ದು, ಮೂರನೆಯದು ಸತ್ತ ಪ್ರಾಣಿಗಳದ್ದು. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಮನುಷ್ಯನಿಗೆ ಇವು ಯಾವುದರಲ್ಲಿಯೂ ಜಾಗವಿಲ್ಲ. ಅವನು ಟಿಕೇಟು ತೆಗೆದುಕೊಂಡು ಒಳಗೆ ಹೋಗಿ ನೋಡಿ ಬರಬಹುದು, ಅಷ್ಟೆ. ಆದ್ದರಿಂದ ಕೆಲಸದ ಬದುಕಿಗೇ ಮೀಸಲಾದ ಒಂದು ಸಣ್ಣ ಮ್ಯೂಸಿಯಂ ಮುಂಬಯಿಯಲ್ಲಿ ಇದೆ ಎಂದರೆ ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ತಪ್ಪಲ್ಲ. ಮೆಚ್ಚಿಕೊಳ್ಳಬೇಕಾದದ್ದನ್ನು ಮೆಚ್ಚಿ, ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ.

ನಾನು ಹೇಳುತ್ತಿರುವುದು 'ಬೆಸ್ಟ್' ಸಂಸ್ಥೆಯ ಸಾರಿಗೆ ಮ್ಯೂಸಿಯಂ ಬಗ್ಗೆ. ವಡಾಲಾ ಮತ್ತು ಚೆಂಬೂರಿನ ನಡುವೆ ಆಣಿಕ್ ಬಸ್ ಡಿಪೋದಲ್ಲಿ ಇದು ಇದೆ. ಊರಿನ ಓದುಗರಿಗೆ ಮೊದಲು ಬೆಸ್ಟ್ ಎಂದರೇನು ಅಂತ ಹೇಳಬೇಕು. ಮುಂಬಯಿಯ ಕೆಂಪು ಬಸ್ಸುಗಳು ಬೆಸ್ಟಿನವು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕೊಲಾಬಾದಿಂದ ಸಾಯನ್, ಮಾಹೀಮ್‌ವರೆಗಿನ ದ್ವೀಪ ನಗರದ ಮನೆಗಳಿಗೆ ವಿದ್ಯುತ್ ಕೊಡುವುದೂ ಇದೇ ಸಂಸ್ಥೆ. ಬಸ್ಸು ಮತ್ತು ಬಲ್ಬು ಎರಡೂ ಒಂದೇ ಅಂಗಡಿಯಲ್ಲಿ. ಕಾರಣ ಸರಳ. ಟ್ರಾಮು ಓಡಿಸಲು ವಿದ್ಯುತ್ ಬೇಕಿತ್ತು, ತಯಾರಿಸಿದ ವಿದ್ಯುತ್ತಿಗೆ ಗಿರಾಕಿಗಳು ಬೇಕಿತ್ತು. 1905ರಲ್ಲಿ ಕಂಪನಿ ಹುಟ್ಟಿದಾಗ ಇದ್ದ ಹೆಸರು 'ಬಾಂಬೇ ಇಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್'. 1947ರ ಆಗಸ್ಟಿನಲ್ಲಿ, ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, ಅದು ನಗರಪಾಲಿಕೆಯ ಕೈಗೆ ಬಂತು. 'ಟ್ರಾಮ್‌ವೇಸ್' ಹೋಗಿ 'ಟ್ರಾನ್ಸ್‌ಪೋರ್ಟ್' ಆಯಿತು. ಅಕ್ಷರ 'ಟಿ' ಮಾತ್ರ ಹಾಗೇ ಉಳಿಯಿತು.

ಈ ಮ್ಯೂಸಿಯಂ ದೊಡ್ಡ ಯೋಜನೆಯಿಂದ ಹುಟ್ಟಿದ್ದಲ್ಲ. 1984ರಲ್ಲಿ ಸಂಸ್ಥೆಯ ಒಬ್ಬ ಹಿರಿಯ ಅಧಿಕಾರಿಯ ಆಸ್ಥೆಯಿಂದ ಕುರ್ಲಾ ಡಿಪೋದಲ್ಲಿ ಶುರುವಾಯಿತು. 1993ರಲ್ಲಿ ಆಣಿಕ್‌ಗೆ ಬಂತು. ಪ್ರವೇಶಕ್ಕೆ ದುಡ್ಡಿಲ್ಲ. ಒಂದು ಬ್ಯಾಂಕಿನ ಶಾಖೆಯಷ್ಟು ಜಾಗ ಎಂದು ನಾನು ಅಂದಾಜು ಮಾಡಿಕೊಂಡೆ. ಸುತ್ತ ನಿಜವಾದ ಬಸ್ಸುಗಳು ಬರುತ್ತಾ ಹೋಗುತ್ತಾ ಇರುತ್ತವೆ, ಡೀಸೆಲಿನ ವಾಸನೆ ಇರುತ್ತದೆ. ಇದು ನನಗೆ ಬಹಳ ಸರಿ ಅನ್ನಿಸಿತು. ಕೆಲಸದ ಮ್ಯೂಸಿಯಂ ಕೆಲಸ ನಡೆಯುವ ಜಾಗದಲ್ಲೇ ಇರಬೇಕು. ಅಮೃತಶಿಲೆಯ ಕಟ್ಟಡದಲ್ಲಿ ಏರ್‌ಕಂಡಿಷನ್ ಹಾಕಿ ಕಂಡಕ್ಟರನ ಚೀಲವನ್ನು ತೋರಿಸಿದರೆ ಅದು ಯಾರದೋ ಕಿರೀಟದ ಹಾಗೆ ಕಾಣುತ್ತದೆ.

ಒಳಗೆ ಏನಿದೆ ಎಂದರೆ, ಟ್ರಾಮುಗಳ ಮತ್ತು ಬಸ್ಸುಗಳ ಸಣ್ಣ ಮಾದರಿಗಳು, ಹಳೆಯ ಫೋಟೋಗಳು, ಟಿಕೇಟುಗಳು, ಟಿಕೇಟಿಗೆ ತೂತು ಹಾಕುವ ಪಂಚುಗಳು, ವಿದ್ಯುತ್ ಮೀಟರುಗಳು. ಇವುಗಳ ಮೂಲಕ ಊರಿನ ನೂರೈವತ್ತು ವರ್ಷಗಳ ಓಡಾಟವನ್ನು ಓದಿಕೊಳ್ಳಬಹುದು. 1874ರ ಮೇ 9ರಂದು ಕುದುರೆ ಎಳೆಯುವ ಟ್ರಾಮು ಬಂತು. 1907ರ ಮೇ 7ರಂದು ವಿದ್ಯುತ್ ಟ್ರಾಮು. 1920ರಲ್ಲಿ ಎರಡು ಅಂತಸ್ತಿನ ಟ್ರಾಮು. 1926ರ ಜುಲೈ 15ರಂದು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು. 1937ರಲ್ಲಿ ಡಬಲ್ ಡೆಕ್ಕರ್ ಬಸ್ಸು. ಮೇಲೆ ತಂತಿ ಹಿಡಿದು ರಬ್ಬರು ಚಕ್ರದ ಮೇಲೆ ಓಡುವ ಟ್ರಾಲಿ ಬಸ್ಸು ಕೂಡ 1962ರಿಂದ 1971ರವರೆಗೆ ಇತ್ತು, ಗೋವಾಲಿಯಾ ಟ್ಯಾಂಕಿನಿಂದ ಮಜಗಾಂವ್ ಡಾಕಿನವರೆಗೆ. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕಡೆಯ ಟ್ರಾಮು ಹೋಯಿತು. ತೊಂಬತ್ತು ವರ್ಷಗಳ ಲೆಕ್ಕ ಆ ರಾತ್ರಿ ಮುಗಿಯಿತು. ತಾರೀಖು ನೋಡಿದ ಕೂಡಲೇ ನನಗೆ ಹೊಳೆದದ್ದು, ಅದು ಹಣಕಾಸು ವರ್ಷದ ಕೊನೆಯ ದಿನ. ಬ್ಯಾಂಕಿನವರಿಗೆ ಮಾರ್ಚ್ 31 ಬೇರೆ ರೀತಿಯಲ್ಲೇ ಕಾಣುತ್ತದೆ.

ಇಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ನಿಲ್ಲಿಸಿದ್ದು ಟಿಕೇಟು. ಟಿಕೇಟು ಎಂದರೆ ಬರೀ ಕಾಗದದ ಚೂರಲ್ಲ. ಕುದುರೆ ಟ್ರಾಮು ಶುರುವಾದಾಗ ಟಿಕೇಟೇ ಇರಲಿಲ್ಲ, ಮೂರಾಣೆ ಕೊಟ್ಟರೆ ಆಯಿತು. ಜನ ಹೆಚ್ಚಿದರು, ದರ ಎರಡಾಣೆಗೆ ಇಳಿಯಿತು, ದುಡ್ಡು ಕೊಡದೆ ಇಳಿದು ಹೋಗುವವರೂ ಹೆಚ್ಚಿದರು. ಅದೇ ವರ್ಷ ಟಿಕೇಟು ಬಂತು. ಎಂದರೆ ಟಿಕೇಟು ಹುಟ್ಟಿದ್ದು ಪ್ರಯಾಣಿಕನ ಸೌಕರ್ಯಕ್ಕಲ್ಲ, ಲೆಕ್ಕಕ್ಕೆ. ಬ್ಯಾಂಕಿನಲ್ಲಿ ಚೆಕ್ಕುಪುಸ್ತಕ, ಡಿಮ್ಯಾಂಡ್ ಡ್ರಾಫ್ಟುಗಳಿಗೆ ಅಚ್ಚಾದ ನಂಬರು ಇರುವ ಕಾರಣವೂ ಇದೇ.

ಕಾಗದದ ಟಿಕೇಟಿನ ಕಾಲದಲ್ಲಿ ಕಂಡಕ್ಟರನ ಲೆಕ್ಕ ಹೀಗಿತ್ತು. ಪಾಳಿ ಶುರುವಾಗುವಾಗ ಡಿಪೋದಲ್ಲಿ ಅವನಿಗೆ ಬೇರೆ ಬೇರೆ ದರದ ಟಿಕೇಟಿನ ಕಟ್ಟುಗಳು ಸಿಗುತ್ತಿದ್ದವು. ಪ್ರತಿ ಕಟ್ಟಿನ ಮೇಲಿನ ಟಿಕೇಟಿನ ನಂಬರನ್ನು ವೇಬಿಲ್ಲಿನಲ್ಲಿ ಬರೆಯಬೇಕು. ಪಾಳಿ ಮುಗಿದಾಗ ಮೇಲೆ ಉಳಿದಿರುವ ನಂಬರನ್ನು ಬರೆಯಬೇಕು. ಕೊನೆಯ ನಂಬರಿನಿಂದ ಮೊದಲಿನದನ್ನು ಕಳೆದು, ದರದಿಂದ ಗುಣಿಸಿ, ಎಲ್ಲ ಕಟ್ಟುಗಳದ್ದನ್ನೂ ಕೂಡಿಸಿದರೆ ಚೀಲದಲ್ಲಿ ಎಷ್ಟು ಹಣ ಇರಬೇಕೋ ಅಷ್ಟು ಬರುತ್ತದೆ. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಬ್ಯಾಂಕಿನ ಕ್ಯಾಶಿಯರಿಗೂ ಕಂಡಕ್ಟರಿಗೂ ಈ ನಿಯಮ ಒಂದೇ. ವ್ಯತ್ಯಾಸ ಏನೆಂದರೆ ಕ್ಯಾಶಿಯರು ಜಾಲರಿಯ ಹಿಂದೆ ಕುರ್ಚಿಯಲ್ಲಿ ಕೂತು ಎಣಿಸುತ್ತಾನೆ. ಕಂಡಕ್ಟರು ಓಡುವ ಬಸ್ಸಿನಲ್ಲಿ, ಒಂದು ಕಾಲನ್ನು ಯಾರದೋ ಕಾಲಿನ ಪಕ್ಕದಲ್ಲಿಟ್ಟು, ಬೆನ್ನನ್ನು ಕಂಬಕ್ಕೆ ಆನಿಸಿ ಎಣಿಸುತ್ತಿದ್ದ.

ನನ್ನ ಜೊತೆ ಬಂದವರು ನಮ್ಮ ಕಟ್ಟಡದಲ್ಲೇ ಇರುವ ಒಬ್ಬ ನಿವೃತ್ತ ಕಂಡಕ್ಟರು. ಜಮಖಂಡಿ ಕಡೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಕಟ್ಟಡದಲ್ಲಿ ಮರಾಠಿಯವರೂ ಕನ್ನಡದವರೂ ಅವರನ್ನು ಕರೆಯುವುದು ಕಾಕಾ ಎಂದೇ. ಅವರು ಪಂಚುಗಳ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಸಾಹೇಬ್ರ, ಇದರ ಸಪ್ಪಳ ಕೇಳಿದ್ರ ಸಾಕಿತ್ತು ನೋಡ್ರಿ, ಮಂದಿ ತಾವಾಗೇ ಕಿಸೆದಾಗ ಕೈ ಹಾಕ್ತಿದ್ರು. ಬಾಯಿ ತೆರೆಯೂ ಜರೂರಿನ ಇರಲಿಲ್ಲ" ಎಂದರು.

"ಇಲ್ಲಿ ಸಪ್ಪಳ ಇಲ್ಲವಲ್ಲ ಕಾಕಾ."

"ಸಪ್ಪಳ ಹ್ಯಾಂಗ ಇಡ್ತಾರ್ರೀ ಕಪಾಟಿನ್ಯಾಗ" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು, "ಬಸ್ಸು ಇಟ್ಟಾರ, ಟ್ರಾಮು ಇಟ್ಟಾರ, ಛಲೋ ಆತು. ಬಸ್ಸಿನ್ಯಾಗ ನಿಂತಾಂವನ್ನೂ ಒಂದೀಟು ಇಡಬೇಕಿತ್ತು."

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲ ಕಾಕಾನ ಆ ಒಂದು ವಾಕ್ಯದಲ್ಲಿ ಇದೆ. ಆದರೆ ಅದನ್ನು ಬರೀ ಮನಸ್ಸು ಕರಗಿಸುವ ಮಾತಾಗಿ ಬಿಡಲು ನನಗೆ ಇಷ್ಟವಿಲ್ಲ. ಇದರ ಹಿಂದೆ ಒಂದು ಲೆಕ್ಕಶಾಸ್ತ್ರ ಇದೆ. ಎಂ.ಕಾಂ. ಓದಿದವನಿಗೆ ಅದು ಕಾಣದೆ ಹೋಗುವುದಿಲ್ಲ.

ಯಾವುದೇ ಕಂಪನಿ ಒಂದು ಬಸ್ಸು ಕೊಂಡರೆ ಅದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಕೂರುತ್ತದೆ. ಪ್ರತಿ ವರ್ಷ ಅದರ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ, ಆದರೂ ಬಸ್ಸು ಪುಸ್ತಕದಲ್ಲಿ ಉಳಿದಿರುತ್ತದೆ. ಮಾರಿದಾಗ, ಗುಜರಿಗೆ ಹಾಕಿದಾಗ ಅದಕ್ಕೊಂದು ನಮೂದು ಬೀಳುತ್ತದೆ. ಎಂದರೆ ಯಂತ್ರಕ್ಕೆ ಹುಟ್ಟು, ವಯಸ್ಸು, ಸಾವು ಮೂರೂ ಲೆಕ್ಕದಲ್ಲಿ ಇವೆ. ಮನುಷ್ಯನ ಸಂಗತಿ ಹಾಗಲ್ಲ. ಅವನ ಸಂಬಳ ಹೋಗುವುದು ಲಾಭ-ನಷ್ಟ ಖಾತೆಗೆ, ಖರ್ಚಿನ ಬದಿಗೆ. ವರ್ಷದ ಕೊನೆಗೆ ಆ ಖಾತೆಯನ್ನು ಮುಚ್ಚುತ್ತಾರೆ, ಹೊಸ ವರ್ಷ ಸೊನ್ನೆಯಿಂದ ಶುರು. ಮೂವತ್ತೈದು ವರ್ಷ ದುಡಿದ ಮನುಷ್ಯ ಮೂವತ್ತೈದು ಸಲ ಸೊನ್ನೆಯಾಗುತ್ತಾನೆ. ಅವನ ಪಿಂಚಣಿ, ಗ್ರಾಚ್ಯುಯಿಟಿ ಮಾತ್ರ ಬ್ಯಾಲೆನ್ಸ್ ಶೀಟಿನಲ್ಲಿ ಕಾಣಬಹುದು, ಅದೂ ಹೊರೆಯ ಬದಿಯಲ್ಲಿ. ಮನುಷ್ಯರಿಗೂ ಬೆಲೆ ಕಟ್ಟಬೇಕು ಎಂಬ ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಬೆಂಗಳೂರಿನ ಇನ್ಫೋಸಿಸ್ 1990ರ ದಶಕದಿಂದ ಕೆಲವು ಕಾಲ ತನ್ನ ವಾರ್ಷಿಕ ವರದಿಯಲ್ಲಿ ನೌಕರರ ಮೌಲ್ಯವನ್ನು ಲೆಕ್ಕ ಹಾಕಿ ತೋರಿಸುತ್ತಿತ್ತು. ಆದರೆ ಅದು ಬೇರೆ ಪಟ್ಟಿಯಾಗಿ ಬಂತೇ ಹೊರತು ಆಸ್ತಿಯ ಬದಿಗೆ ದಾಟಿ ಬರಲಿಲ್ಲ.

ಕೈಗಾರಿಕೆಯ ಮ್ಯೂಸಿಯಂಗಳು ತಮಗೆ ತಿಳಿಯದೆಯೇ ಈ ಬ್ಯಾಲೆನ್ಸ್ ಶೀಟನ್ನು ಅನುಸರಿಸುತ್ತವೆ ಎಂಬುದು ನನ್ನ ವಾದ. ಆಸ್ತಿಯ ಬದಿಯಲ್ಲಿ ಇದ್ದದ್ದು ಕಪಾಟಿಗೆ ಬರುತ್ತದೆ. ಖರ್ಚಿನ ಬದಿಯಲ್ಲಿ ಇದ್ದದ್ದು ಖರ್ಚಾಗಿ ಹೋಗುತ್ತದೆ. ಇದು ಬೆಸ್ಟಿನ ಒಂದು ಸಣ್ಣ ಮ್ಯೂಸಿಯಂನ ಮಾತಲ್ಲ. ದಿಲ್ಲಿಯ ಚಾಣಕ್ಯಪುರಿಯಲ್ಲಿ 1977ರಲ್ಲಿ ತೆರೆದ ರಾಷ್ಟ್ರೀಯ ರೈಲು ಮ್ಯೂಸಿಯಂಗೆ ಹೋದರೆ 1855ರ ಫೇರಿ ಕ್ವೀನ್ ಎಂಜಿನ್ನಿನ ಬಗ್ಗೆ, ಪಟಿಯಾಲದ ಮೋನೋ ರೈಲಿನ ಬಗ್ಗೆ ಹೆಮ್ಮೆಯಿಂದ ಹೇಳುತ್ತಾರೆ. ಮೈಸೂರಿನ ರೈಲು ಮ್ಯೂಸಿಯಂ 1979ರದ್ದು, ಅಲ್ಲಿ ಮಹಾರಾಣಿಯವರ ಸಲೂನು ಗಾಡಿ ನೋಡಲು ಜನ ಮುಗಿಬೀಳುತ್ತಾರೆ. ನೋಡಲೇಬೇಕಾದ್ದೇ. ಆದರೆ ಬೆಂಕಿಯ ಎದುರು ನಿಂತು ಸಲಿಕೆಯಲ್ಲಿ ಕಲ್ಲಿದ್ದಲು ಹಾಕಿದ ಫೈರ್‌ಮನ್ನನಿಗೆ ಸಲೂನಿನಷ್ಟು ಜಾಗ ಯಾರು ಕೊಡುತ್ತಾರೆ? ಮುಂಬಯಿಯ ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕು 2004ರಲ್ಲಿ ನಾಣ್ಯ ಮ್ಯೂಸಿಯಂ ತೆರೆಯಿತು. ಅಲ್ಲಿಗೆ ನಾನು ಎರಡು ಸಲ ಹೋಗಿದ್ದೇನೆ, ಬಹಳ ಅಚ್ಚುಕಟ್ಟು. ನಾಣ್ಯದ ಹುಟ್ಟಿನಿಂದ ಇವತ್ತಿನ ನೋಟಿನವರೆಗೆ ಕ್ರಮವಾಗಿ ನೋಡಬಹುದು. ನಾನು ಅಲ್ಲಿ ಮನಸ್ಸಿನಲ್ಲೇ ಹುಡುಕಿದ್ದು ನೋಟು ಎಣಿಸುವ ಕ್ಯಾಶಿಯರನ ಒದ್ದೆ ಸ್ಪಂಜಿನ ಬಟ್ಟಲನ್ನು. ನಮ್ಮ ಬೆರಳಿನ ಚರಿತ್ರೆ ಅದರಲ್ಲೇ ಇದೆ.

ಮುಂಬಯಿಯಲ್ಲಿ ಈ ಪ್ರಶ್ನೆ ಬರೀ ವಾದಕ್ಕಾಗಿ ಎತ್ತಿದ್ದಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಜಮೀನು ಮಾತ್ರ ಉಳಿಯಿತು. 1991ರ ಮತ್ತು 2001ರ ನಿಯಮಗಳು ಆ ಜಮೀನನ್ನು ಕಟ್ಟಡದವರಿಗೆ ತೆರೆದವು. ಇವತ್ತು ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಮಾಲ್ ಇದೆ. ಹಳೆಯ ಚಿಮಣಿಯೊಂದನ್ನು ಉಳಿಸಿಕೊಂಡಿದ್ದಾರೆ. ಅದರ ಬುಡದಲ್ಲಿ ಕಾಫಿ ಕುಡಿಯುವ ಹುಡುಗ ಹುಡುಗಿಯರಿಗೆ ಅದು ಒಂದು ಅಲಂಕಾರ. ಆ ಚಿಮಣಿಯ ಭೋಂಗಾ ಕೇಳಿ ಎದ್ದು, ಹತ್ತು ಬೈ ಹತ್ತರ ಖೋಲಿಯಿಂದ ಹೊರಟವರಲ್ಲಿ ಕೊಂಕಣದವರು, ಸಾತಾರಾದವರು, ತೆಲುಗಿನವರು, ನಮ್ಮವರೂ ಇದ್ದರು. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್ಲಿನ ಜಾಗದಲ್ಲಿ ಬಟ್ಟೆ ಗಿರಣಿಗಳ ಮ್ಯೂಸಿಯಂ ಮಾಡುವ ನಗರಪಾಲಿಕೆಯ ಯೋಜನೆ ಹಲವು ವರ್ಷಗಳದ್ದು. ಅಲ್ಲಿ ಮಗ್ಗ ಇಡುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಗ್ಗದ ಪಕ್ಕದಲ್ಲಿ ಏನಿಡುತ್ತಾರೆ ಎಂಬುದರ ಮೇಲೆ ಅದು ಮ್ಯೂಸಿಯಂ ಆಗುತ್ತದೋ ಯಂತ್ರಗಳ ಗೋದಾಮು ಆಗುತ್ತದೋ ನಿರ್ಧಾರವಾಗುತ್ತದೆ.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಒಂದು ಪಾಲು ಇದೆ. ಮುಂಬಯಿ ಕನ್ನಡಿಗ ಅಂದಕೂಡಲೇ ಊರಿನವರಿಗೆ ನೆನಪಾಗುವುದು ಉಡುಪಿ ಹೋಟೆಲಿನ ಶೆಟ್ಟರು, ಅಥವಾ ಸಂಘದ ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸಿಕೊಂಡವರು. ಹೋಟೆಲಿನ ಗಲ್ಲಾದ ಮೇಲೆ ಕೂತವರ ಚರಿತ್ರೆ ಸ್ಮರಣ ಸಂಚಿಕೆಗಳಲ್ಲಿ ಸಿಗುತ್ತದೆ. ಟೇಬಲ್ಲು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಬಂದರಿನಲ್ಲೋ ಬಸ್ಸಿನಲ್ಲೋ ಬ್ಯಾಂಕಿನಲ್ಲೋ ಸೇರಿಕೊಂಡವರದ್ದು ಸಿಗುವುದಿಲ್ಲ. ಬಂದರಿನ ಕಾರ್ಮಿಕರನ್ನು ಕಟ್ಟಿದ ಪಿ. ಡಿಮೆಲ್ಲೋ ನಮ್ಮ ಕರಾವಳಿಯವರು. ಅವರ ಹೆಸರಿನ ರಸ್ತೆ ಇವತ್ತೂ ಬಂದರಿನ ಉದ್ದಕ್ಕೆ ಇದೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಮುಂಬಯಿಗೆ ಬಂದು, ಟ್ಯಾಕ್ಸಿಯವರನ್ನೂ ನಗರಪಾಲಿಕೆಯ ನೌಕರರನ್ನೂ ಸಂಘಟಿಸಿ, 1967ರಲ್ಲಿ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ನಾಯಕರ ಹೆಸರು ಹೇಗೋ ಉಳಿಯುತ್ತದೆ. ಅವರ ಹಿಂದೆ ನಡೆದವರ ಹಾಜರಿ ಪುಸ್ತಕ ಎಲ್ಲಿ?

ಕಾಕಾ ಹೇಳುವ ಸಂಗತಿಗಳು ಆ ಹಾಜರಿ ಪುಸ್ತಕದ ಪುಟಗಳು. ಮುಂಬಯಿ ಬಸ್ಸಿನ ಮುಂದಿನ ನಂಬರು ಮರಾಠಿ ಅಂಕಿಯಲ್ಲಿರುತ್ತದೆ. ಹೊಸದಾಗಿ ಬಂದ ನಮ್ಮವರು ಆ ಅಂಕಿ ಓದಲಾರದೆ ನಿಲ್ದಾಣದಲ್ಲಿ ಬಸ್ಸು ಬಿಟ್ಟು ನಿಲ್ಲುತ್ತಿದ್ದರಂತೆ. ಮುಖ ನೋಡಿದರೆ ಕಾಕಾನಿಗೆ ಗೊತ್ತಾಗುತ್ತಿತ್ತು. "ಎಲ್ಲಿಗ್ರೀ ಹೋಗೂದು?" ಎಂದು ಬಾಗಿಲಿನಿಂದಲೇ ಕನ್ನಡದಲ್ಲಿ ಕೇಳುತ್ತಿದ್ದರು. ಆ ಹುಡುಗನ ಮುಖ ಅರಳುವುದನ್ನು ನೋಡಬೇಕಿತ್ತು ಎಂದು ಹೇಳುತ್ತಾ ಅವರ ಮುಖವೇ ಅರಳಿತು. ಕಡೆಯ ಬಸ್ಸಿನಲ್ಲಿ ಹೋಟೆಲಿನ ಹುಡುಗರು ಹತ್ತುತ್ತಿದ್ದರು, ಅಂಗಿಗೆಲ್ಲ ಎಣ್ಣೆಯ ವಾಸನೆ, ನಿಂತಲ್ಲೇ ನಿದ್ದೆ. ಅವರ ನಿಲ್ದಾಣ ಬಂದಾಗ ಎಬ್ಬಿಸುವುದು ಯಾವ ಸರ್ವೀಸ್ ರೂಲಿನಲ್ಲಿಯೂ ಇರಲಿಲ್ಲ. ಮಳೆಗಾಲದಲ್ಲಿ ಹಿಂದಮಾತಾದ ಹತ್ತಿರ ನೀರು ನಿಂತರೆ ಬಸ್ಸಿನಲ್ಲೇ ರಾತ್ರಿ. ಚಿಲ್ಲರೆ ನಾಣ್ಯದ ಕರಿ ಅಂಗೈಗೆ ಹತ್ತಿ, ಊಟಕ್ಕೆ ಕೂತಾಗ ಎರಡು ಸಲ ಸಾಬೂನು ಹಾಕಿದರೂ ಹೋಗುತ್ತಿರಲಿಲ್ಲ. ಇವೆಲ್ಲವೂ ವಸ್ತುಗಳಲ್ಲ, ಒಪ್ಪುತ್ತೇನೆ. ಆದರೆ ಕೆಲಸ ಎಂದರೆ ಇದೇ ಅಲ್ಲವೆ?

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದೇನೂ ಅಲ್ಲ. ಮ್ಯೂಸಿಯಂ ಇಡಬಹುದಾದದ್ದು ವಸ್ತುವನ್ನೇ. ಕಷ್ಟವನ್ನು ಕಪಾಟಿನಲ್ಲಿ ಇಟ್ಟರೆ ಅದು ಅಳುಬುರುಕ ನಾಟಕವಾಗುತ್ತದೆ, ಇಲ್ಲವೆ ಯೂನಿಯನ್ನಿನ ಭಾಷಣವಾಗುತ್ತದೆ. ಮಾಲೀಕರ ಹೊಗಳಿಕೆ ಎಷ್ಟು ಬೇಸರವೋ ಕಾರ್ಮಿಕರ ಹೊಗಳಿಕೆಯೂ ಅಷ್ಟೇ ಬೇಸರ. ನಾನು ಕೇಳುತ್ತಿರುವುದು ಹೊಗಳಿಕೆಯನ್ನಲ್ಲ, ದಾಖಲೆಯನ್ನು. ಕಂಡಕ್ಟರನ ಮೇಣದ ಗೊಂಬೆ ನಿಲ್ಲಿಸಿ ಅದಕ್ಕೆ ಖಾಕಿ ತೊಡಿಸಬೇಕಾಗಿಲ್ಲ. ಒಬ್ಬ ಕಂಡಕ್ಟರು ತುಂಬಿದ ಒಂದು ದಿನದ ವೇಬಿಲ್ಲು ಸಾಕು. ಅದರಲ್ಲಿ ಎಷ್ಟು ಗಂಟೆಗೆ ಹೊರಟ, ಎಷ್ಟು ಟ್ರಿಪ್ಪು, ಎಷ್ಟು ಟಿಕೇಟು ಎಲ್ಲ ಇರುತ್ತದೆ. ಅದರ ಪಕ್ಕದಲ್ಲಿ ಅದೇ ತಿಂಗಳ ಒಂದು ಸಂಬಳದ ಚೀಟಿ, ಹೆಸರನ್ನು ಮುಚ್ಚಿ ಇಡಲಿ. ಪಕ್ಕದಲ್ಲಿ ಆ ವರ್ಷದ ಅಕ್ಕಿಯ ದರ, ಚಾಳಿನ ಖೋಲಿಯ ಬಾಡಿಗೆ. ಜೊತೆಗೆ ಡ್ಯೂಟಿ ಪಟ್ಟಿ. ನಾಲ್ಕು ಕಾಗದ, ಒಂದು ಗಾಜಿನ ಚೌಕಟ್ಟು. ಇಡೀ ಬದುಕು ಕಾಣುತ್ತದೆ, ಯಾರೂ ಅಳಬೇಕಾಗಿಲ್ಲ. ಐದನೆಯದಾಗಿ ಒಂದು ಧ್ವನಿ. ನಿವೃತ್ತರಾದ ಹತ್ತು ಜನರನ್ನು ಕೂರಿಸಿ ತಲಾ ಅರ್ಧ ಗಂಟೆ ಮಾತಾಡಿಸಿ ಇಟ್ಟುಕೊಳ್ಳಲು ಇವತ್ತು ಒಂದು ಮೊಬೈಲು ಫೋನು ಸಾಕು. ಕಾಕಾ ಕೇಳಿದ ಪಂಚಿನ ಸಪ್ಪಳವನ್ನೂ ಅದರಲ್ಲೇ ಹಿಡಿಯಬಹುದು.

ಆತುರ ಯಾಕೆ ಎಂದರೆ, ಮುಂದಿನ ಕೆಲಸಗಳು ವಸ್ತುವನ್ನೂ ಬಿಟ್ಟು ಹೋಗುವುದಿಲ್ಲ. 2010ರ ಸುಮಾರಿಗೆ ಬೆಸ್ಟ್ ಕಂಡಕ್ಟರ ಕೈಗೆ ಟಿಕೇಟು ಮುದ್ರಿಸುವ ಯಂತ್ರ ಬಂತು, ಪಂಚು ಮೂಲೆ ಸೇರಿತು. ಈಗ ಮೊಬೈಲಿನಲ್ಲೇ ಟಿಕೇಟು, ಕಾಗದವೂ ಬೇಡ. ಕೆಲವು ಮಾರ್ಗಗಳಲ್ಲಿ ಕಂಡಕ್ಟರನಿಲ್ಲದ ಬಸ್ಸು ಓಡಿಸಿ ನಿಲ್ದಾಣದಲ್ಲೇ ಟಿಕೇಟು ಕೊಡುವ ಪ್ರಯೋಗವೂ ನಡೆದಿದೆ. ಅದಕ್ಕಿಂತ ದೊಡ್ಡ ಬದಲಾವಣೆ ಬಸ್ಸಿನ ಮಾಲೀಕತ್ವದ್ದು. ಕೆಲವು ವರ್ಷಗಳಿಂದ ಬೆಸ್ಟ್ ಬಾಡಿಗೆಯ ಬಸ್ಸುಗಳನ್ನು ಓಡಿಸುತ್ತಿದೆ. ಇದಕ್ಕೆ ವೆಟ್ ಲೀಸ್ ಎನ್ನುತ್ತಾರೆ. ಬಸ್ಸು ಗುತ್ತಿಗೆದಾರನದ್ದು, ಡ್ರೈವರನೂ ಗುತ್ತಿಗೆದಾರನವನೇ, ದುರಸ್ತಿಯೂ ಅವನದ್ದೇ, ಸಂಸ್ಥೆ ಕಿಲೋಮೀಟರಿನ ಲೆಕ್ಕದಲ್ಲಿ ಹಣ ಕೊಡುತ್ತದೆ. 2019ರ ಜನವರಿಯಲ್ಲಿ ಸಂಸ್ಥೆಯ ಸ್ವಂತ ನೌಕರರು ಒಂಬತ್ತು ದಿನ ಮುಷ್ಕರ ಮಾಡಿದರು. 2023ರ ಆಗಸ್ಟಿನಲ್ಲಿ ಮುಷ್ಕರ ಹೂಡಿದವರು ಗುತ್ತಿಗೆಯ ಡ್ರೈವರುಗಳು. ನಾಲ್ಕೂವರೆ ವರ್ಷಗಳ ಅಂತರದ ಈ ಎರಡು ಮುಷ್ಕರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲಸದ ಚರಿತ್ರೆ ಎತ್ತ ಹೊರಳಿತು ಎಂಬುದು ತಿಳಿಯುತ್ತದೆ. ಕೆಂಪು ಬಣ್ಣ ಒಂದೇ, ಬಿಲ್ಲೆಯ ಹೆಸರು ಬೇರೆ. ಖರ್ಚಿನ ಬದಿಯಲ್ಲಿಯೂ ಈಗ ಅವನು ಸಂಬಳ ಎಂಬ ಸಾಲಿನಲ್ಲಿ ಇಲ್ಲ, ಬಾಡಿಗೆ ಎಂಬ ಸಾಲಿನೊಳಗೆ ಕರಗಿಹೋಗಿದ್ದಾನೆ. ಈ ಡ್ರೈವರನ ಮೊಮ್ಮಗ ನಲವತ್ತು ವರ್ಷಗಳ ನಂತರ ಯಾವ ಮ್ಯೂಸಿಯಂಗೆ ಹೋಗಿ ಅಜ್ಜನನ್ನು ಹುಡುಕಬೇಕು?

ಯಂತ್ರದ ಸಾವಿಗೆ ಮಾತ್ರ ಊರು ಸೇರುತ್ತದೆ. 2023ರ ಸೆಪ್ಟೆಂಬರ್ 15ರಂದು ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು ಕಡೆಯ ಸಲ ಓಡಿತು. ಎಂಬತ್ತಾರು ವರ್ಷಗಳ ಸಂಬಂಧ. ಹಾರ ಹಾಕಿ, ಫೋಟೋ ತೆಗೆದು ಕಳಿಸಿಕೊಟ್ಟರು. ಪ್ರೀತಿ ನಿಜವಾದದ್ದೇ, ನಾನು ಅದನ್ನು ಹಾಸ್ಯ ಮಾಡುವುದಿಲ್ಲ. ಮೇಲಿನ ಅಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಈ ಊರನ್ನು ನೋಡಿದ ಯಾರಿಗಾದರೂ ಕಣ್ಣು ಮಂಜಾಗಬೇಕಾದ್ದೇ. ಆದರೆ ಆ ಮೆಟ್ಟಿಲನ್ನು ದಿನಕ್ಕೆ ನೂರಾರು ಸಲ ಹತ್ತಿ ಇಳಿದು ಮೊಣಕಾಲು ಸವೆದವರು ಈ ಊರಿನಲ್ಲೇ ಇದ್ದಾರೆ. ಅವರಲ್ಲಿ ಒಬ್ಬರು ನಮ್ಮ ಕಟ್ಟಡದಲ್ಲಿ ಮೂರನೆಯ ಮಹಡಿ ಹತ್ತಲು ಎರಡು ಕಡೆ ನಿಲ್ಲುತ್ತಾರೆ. ಸವಕಳಿ ಎಂದರೆ ಇದು. ಇದಕ್ಕೆ ಯಾವ ಪುಸ್ತಕದಲ್ಲಿಯೂ ನಮೂದಿಲ್ಲ.

ಇದನ್ನೆಲ್ಲ ಮುಂಬಯಿಯಲ್ಲಿ ಕೂತು ಊರಿನವರಿಗೆ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ನಮ್ಮಲ್ಲಿಯೂ ಬೆಂಗಳೂರಿನಲ್ಲಿ 1962ರಿಂದ ವಿಶ್ವೇಶ್ವರಯ್ಯ ಕೈಗಾರಿಕಾ ಮ್ಯೂಸಿಯಂ ಇದೆ. ಶಾಲೆಯ ಮಕ್ಕಳು ಎಂಜಿನ್ ಹಾಲಿನಲ್ಲಿ ಗುಂಡಿ ಒತ್ತಿ ಚಕ್ರ ತಿರುಗಿಸಿ ಸಂತೋಷಪಡುತ್ತಾರೆ. ವಿಜ್ಞಾನ ಕಲಿಸಲು ಅದು ಉತ್ತಮ ಜಾಗ, ಅದರ ಉದ್ದೇಶವೂ ಅದೇ. ಕೆಲಸದ ಬದುಕಿಗೆ ಬೇರೆಯದೇ ಬೇಕು. ಅದಕ್ಕೆ ಎಲ್ಲಕ್ಕಿಂತ ಹಕ್ಕಿನ ಜಾಗ ಎಂದರೆ ನನ್ನ ಮಟ್ಟಿಗೆ ಕೋಲಾರದ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ವಿದ್ಯುತ್ ಎಳೆದದ್ದು ಆ ಗಣಿಗಾಗಿ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದು ಜನ ಅಲ್ಲಿ ದುಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ವಿದ್ಯುತ್ ತಂದವರ ಹೆಸರು, ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಹೆಸರು ನಮಗೆ ಗೊತ್ತು. ಇಳಿದವರದ್ದು?

ಅಲ್ಲಿ ಇಳಿದವರಲ್ಲಿ ಬಹಳ ಜನ ತಮಿಳು, ತೆಲುಗು ನಾಡಿನಿಂದ ಬಂದವರು. ಎಂದರೆ ಅವರು ನಮ್ಮ ನಾಡಿನೊಳಗಿನ ಹೊರನಾಡಿನವರು. ನಾವು ಮುಂಬಯಿಯಲ್ಲಿ ಏನಾಗಿದ್ದೇವೋ ಅವರು ಕೋಲಾರದಲ್ಲಿ ಅದೇ ಆಗಿದ್ದರು. ಪರಭಾಷೆಯ ಊರಿನಲ್ಲಿ ಬೆವರು ಹರಿಸಿ, ಮಕ್ಕಳಿಗೆ ಎರಡು ಭಾಷೆ ಕಲಿಸಿ, ಸತ್ತ ಮೇಲೂ ಎರಡೂ ಕಡೆ ಹೊರಗಿನವರಾಗಿ ಉಳಿಯುವವರು. ಮುಂಬಯಿಯ ಮ್ಯೂಸಿಯಂನಲ್ಲಿ ಒಬ್ಬ ಜಮಖಂಡಿಯ ಕಂಡಕ್ಟರಿಗೆ ಜಾಗ ಕೊಡಿ ಎಂದು ನಾನು ಕೇಳಬೇಕಾದರೆ, ಕೋಲಾರದಲ್ಲಿ ಒಬ್ಬ ತಮಿಳು ಗಣಿ ಕೆಲಸಗಾರನಿಗೆ ನಾವು ಜಾಗ ಕೊಡಬೇಕಾಗುತ್ತದೆ. ಒಂದು ಖಾತೆಯಲ್ಲಿ ಜಮಾ ಬಂದರೆ ಇನ್ನೊಂದರಲ್ಲಿ ಖರ್ಚು ಬರಲೇಬೇಕು. ಡಬಲ್ ಎಂಟ್ರಿಯ ಮೊದಲ ಪಾಠ ಇದು. ಗಣಿ ಮುಚ್ಚಿದಾಗ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತು ದಾಟಿದೆ. ಐವತ್ತಾಗಿದ್ದವರಲ್ಲಿ ಎಷ್ಟೋ ಮಂದಿ ಈಗ ಇಲ್ಲ. ಯಂತ್ರ ತುಕ್ಕು ಹಿಡಿದು ಇನ್ನೂ ಐವತ್ತು ವರ್ಷ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಮನುಷ್ಯರಿಂದ ಶುರು ಮಾಡಿ, ಯಂತ್ರ ಆಮೇಲೆ ನೋಡಿಕೊಂಡರಾಯಿತು.

ಆಣಿಕ್ ಡಿಪೋದ ಮ್ಯೂಸಿಯಂಗೆ ಹೋಗಬೇಡಿ ಅಂತ ಯಾರೂ ಇದನ್ನು ಓದಬಾರದು. ಖಂಡಿತ ಹೋಗಿ. ಮುಂಬಯಿಗೆ ಬಂದವರು ಗೇಟ್‌ವೇ ಆಫ್ ಇಂಡಿಯಾ, ಸಿದ್ಧಿವಿನಾಯಕ, ಫಿಲಂ ಸಿಟಿ ಎಂದು ಸುತ್ತುತ್ತೀರಲ್ಲ, ಅರ್ಧ ದಿನ ಇದಕ್ಕೂ ಇಡಿ. ಒಂದು ಸಂಸ್ಥೆಯ ನೌಕರರೇ ತಮ್ಮ ಸಂಸ್ಥೆಯ ಹಳೆಯ ವಸ್ತುಗಳನ್ನು ಗುಜರಿಗೆ ಹೋಗದಂತೆ ತಡೆದು, ಒರೆಸಿ, ಜೋಡಿಸಿ, ಬಿಟ್ಟಿಯಾಗಿ ತೋರಿಸುವುದು ನಮ್ಮ ದೇಶದಲ್ಲಿ ದಿನಾ ನಡೆಯುವ ಸಂಗತಿ ಅಲ್ಲ. ಅರ್ಧ ಕೆಲಸ ಅವರು ಮಾಡಿಟ್ಟಿದ್ದಾರೆ. ಇನ್ನರ್ಧ ಆಗಬೇಕು ಎನ್ನುವುದು ಅವರ ಮೇಲಿನ ದೂರಲ್ಲ, ಅವರು ಶುರು ಮಾಡಿದ್ದರಿಂದಲೇ ಹುಟ್ಟಿದ ಆಸೆ. ಹೋಗುವಾಗ ಸಾಧ್ಯವಾದರೆ ಆ ಕೆಲಸ ಮಾಡಿದ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಪ್ರತಿ ಕಪಾಟಿನ ಮುಂದೆ ನಿಂತು ಹೇಳುವುದನ್ನು ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿಯನ್ನು ಅಲ್ಲಿಯವರಿಗೂ ಕೊಟ್ಟು ಬನ್ನಿ. ಕಾಕಾ ಹೇಳಿದ್ದನ್ನು ನಾನು ಹನ್ನೊಂದು ಪುಟಗಳಷ್ಟು ಬರೆದುಕೊಂಡಿದ್ದೇನೆ, ಮರಾಠಿಗೆ ಮಾಡಿಸುವ ಕೆಲಸ ನಡೆದಿದೆ.